ಮಾಂಟಿಚೆಲೊ ಸಂಘದ ಮುಂದೆ ಹೆಮಿಂಗ್ಸ್ ವಂಶಜರು: ವಂಶಾವಳಿಯ ಪುರಾವೆ ಕುರಿತ ಒಂದು ಪ್ರಕರಣ ಅಧ್ಯಯನ

2002ರ ಮೇ ತಿಂಗಳಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್‌ನಲ್ಲಿ ಸೇರಿದ್ದ ಮಾಂಟಿಚೆಲೊ ಅಸೋಸಿಯೇಷನ್ ಎಂಬ ಸಂಘದ ವಾರ್ಷಿಕ ಸಭೆ ಒಂದು ಪ್ರಶ್ನೆಯನ್ನು ಮತಕ್ಕೆ ಹಾಕಿತು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ವಂಶದಲ್ಲಿ ಹುಟ್ಟಿದವರಿಗಷ್ಟೇ ಸದಸ್ಯತ್ವ ಕೊಡುವ ಸಂಘವದು. ಜೆಫರ್ಸನ್ ಅವರ ಮನೆಯಲ್ಲಿ ಗುಲಾಮಗಿರಿಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳ ಸಂತತಿಯವರನ್ನೂ ಸದಸ್ಯರೆಂದು ಒಪ್ಪಬೇಕೇ ಎಂಬುದು ಅಂದಿನ ಪ್ರಶ್ನೆಯಾಗಿತ್ತು. ಒಪ್ಪಬೇಕೆಂದು 5 ಮತಗಳೂ ಬೇಡವೆಂದು 67 ಮತಗಳೂ ಬಿದ್ದವು. ಸಂಘದ ಸದಸ್ಯತ್ವ ಸಮಿತಿ ಕೊಟ್ಟಿದ್ದ ಕಾರಣ ಒಂದೇ: ಆಧಾರ ಸಾಲದು.

ಆಧಾರ ನಿಜವಾಗಿಯೂ ಸಾಲದಾಗಿತ್ತೇ ಎಂಬುದನ್ನು ವಂಶಾವಳಿ ದಾಖಲಿಸುವವರ ಕಣ್ಣಿನಿಂದ ಪರಿಶೀಲಿಸುವುದು ಈ ಬರಹದ ಉದ್ದೇಶ. ಜೆಫರ್ಸನ್ ಅವರ ಚಾರಿತ್ರ್ಯವನ್ನು ಅಳೆಯುವುದು ನನ್ನ ಕೆಲಸವಲ್ಲ. ಒಂದು ಕುಟುಂಬ ತನ್ನ ಮೂಲಪುರುಷ ಇಂಥವನೆಂದು ಹೇಳಿದಾಗ ಯಾವ ಕಾಗದವನ್ನು ಕೇಳಬೇಕು, ಆ ಕಾಗದ ಹುಟ್ಟದಂತೆ ಕಾನೂನೇ ತಡೆದಿದ್ದರೆ ಏನನ್ನು ಕೇಳಬೇಕು ಎಂಬುದಷ್ಟೇ ನನ್ನ ಮುಂದಿರುವ ವಿಷಯ.

ಕೊಂಡಿಯಿಂದ ಕೊಂಡಿಗೆ

ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಂಥ ವಂಶಪಾರಂಪರ್ಯ ಸಂಘಗಳು ಒಂದರ ಹಿಂದೊಂದು ಹುಟ್ಟಿದವು. ಸ್ವಾತಂತ್ರ್ಯ ಯುದ್ಧದಲ್ಲಿ ಸೇವೆ ಸಲ್ಲಿಸಿದವರ ಗಂಡು ಸಂತತಿಗಾಗಿ ‘ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ 1889ರಲ್ಲಿ, ಹೆಣ್ಣುಮಕ್ಕಳಿಗಾಗಿ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ 1890ರಲ್ಲಿ, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದಿಳಿದವರ ಸಂತತಿಗಾಗಿ ಮೇಫ್ಲವರ್ ಸಂಘ 1897ರಲ್ಲಿ ಆರಂಭವಾದವು. ಎಲ್ಲದರ ಅರ್ಜಿಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಅರ್ಜಿದಾರರು ತಮ್ಮಿಂದ ಆರಂಭಿಸಿ ತಂದೆ ಅಥವಾ ತಾಯಿಗೆ, ಅಲ್ಲಿಂದ ಅಜ್ಜ ಅಥವಾ ಅಜ್ಜಿಗೆ, ಹೀಗೆ ಒಂದೊಂದೇ ತಲೆಮಾರು ಹಿಂದೆ ಹೋಗುತ್ತಾ ಪ್ರತಿ ಕೊಂಡಿಗೂ ಹುಟ್ಟು, ಮದುವೆ, ಸಾವಿನ ದಾಖಲೆಯನ್ನು ಲಗತ್ತಿಸಬೇಕು. ಈ ಮಗು ಈ ತಂದೆತಾಯಿಯದೇ ಎಂದು ತೋರಿಸುವ ಕಾಗದ ಪ್ರತಿ ಹಂತದಲ್ಲೂ ಬೇಕು. ಒಂದು ಕೊಂಡಿ ಕಳಚಿದರೂ ಅರ್ಜಿ ನಿಲ್ಲುತ್ತದೆ.

ನಮ್ಮ ನಾಡಕಚೇರಿಯಲ್ಲಿ ಖಾತೆ ಬದಲಾವಣೆಗೋ ಪೌತಿ ಖಾತೆಗೋ ವಂಶವೃಕ್ಷದ ದೃಢೀಕರಣ ಮಾಡಿಸಿದವರಿಗೆ ಇದು ಪರಿಚಿತವೆನಿಸಬಹುದು. ಆದರೆ ಅಲ್ಲಿ ಗ್ರಾಮ ಆಡಳಿತಾಧಿಕಾರಿ ಊರಿನವರ ಹೇಳಿಕೆಯನ್ನೂ ಕೇಳಿ ಮಹಜರು ಮಾಡುವ ಪದ್ಧತಿ ಇದೆ. ಹೇಳಿಕೆಗೂ ಒಂದು ಬೆಲೆಯಿದೆ. ಹೆಳವರು ಎತ್ತಿನ ಮೇಲೆ ಕೂತು ಊರೂರಿಗೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದಾಗ ಅದನ್ನು ಮನೆಯವರು ದಾಖಲೆಯೆಂದೇ ಒಪ್ಪುತ್ತಿದ್ದರು. ಅಮೆರಿಕದ ಸಂಘಗಳು ಬಾಯಿಮಾತಿಗೆ ಅಷ್ಟು ಬೆಲೆ ಕೊಡುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ, ಕೇಳಿದ ಮಾತು ತಲೆಮಾರು ದಾಟುವಾಗ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಈ ಪ್ರಕರಣದಲ್ಲೇ ಎರಡು ನಿದರ್ಶನಗಳಿವೆ.

ಮಾಂಟಿಚೆಲೊ ಸಂಘ ಸ್ಥಾಪನೆಯಾದದ್ದು 1913ರಲ್ಲಿ. ಮಾಂಟಿಚೆಲೊ ಎಂಬುದು ಜೆಫರ್ಸನ್ ಅವರು ಬೆಟ್ಟದ ಮೇಲೆ ತಮಗಾಗಿ ಕಟ್ಟಿಸಿಕೊಂಡ ಮನೆಯ ಹೆಸರು. ಅವರು 1826ರ ಜುಲೈ 4ರಂದು ಸಾಲದ ಹೊರೆಯಲ್ಲೇ ತೀರಿಕೊಂಡ ಮೇಲೆ ಆ ಮನೆಯನ್ನು 1831ರಲ್ಲಿ ಮಾರಬೇಕಾಯಿತು. ಮಾರುವಾಗ ಕುಟುಂಬದವರು ಸಮಾಧಿಗಳಿದ್ದ ತುಂಡುಭೂಮಿಯನ್ನು ಮಾತ್ರ ತಮಗೇ ಉಳಿಸಿಕೊಂಡರು. ಮನೆ ಕೈಯಿಂದ ಕೈಗೆ ಹೋಗಿ 1923ರಲ್ಲಿ ಒಂದು ಸಾರ್ವಜನಿಕ ಪ್ರತಿಷ್ಠಾನದ ಪಾಲಾಯಿತು. ಅದೇ ಇಂದಿನ ಥಾಮಸ್ ಜೆಫರ್ಸನ್ ಪ್ರತಿಷ್ಠಾನ. ಸಮಾಧಿ ಭೂಮಿ ಮಾತ್ರ ಮಾಂಟಿಚೆಲೊ ಸಂಘದ ಒಡೆತನದಲ್ಲಿದೆ. ಮನೆಯ ಒಡೆಯರು ಬೇರೆ, ಸಮಾಧಿಯ ಒಡೆಯರು ಬೇರೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಒಂದೇ ಆಧಾರವನ್ನು ನೋಡಿ ಇಬ್ಬರೂ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ಸಂಘದ ಸದಸ್ಯತ್ವ ಸಿಕ್ಕರೆ ಆ ಸ್ಮಶಾನದಲ್ಲಿ ಮಣ್ಣಾಗುವ ಹಕ್ಕೂ ಸಿಗುತ್ತದೆ. ವಿವಾದಕ್ಕೆ ಅಷ್ಟು ತೀವ್ರತೆ ಬಂದದ್ದು ಅದರಿಂದಲೇ.

ಒಪ್ಪಿತ ವಂಶಾವಳಿ ಎರಡು ಹೆಣ್ಣುಮಕ್ಕಳಿಂದ ಇಳಿದು ಬಂದದ್ದು. ಜೆಫರ್ಸನ್ ಅವರು 1772ರ ಜನವರಿ 1ರಂದು ಮಾರ್ಥಾ ವೇಲ್ಸ್ ಅವರನ್ನು ಮದುವೆಯಾದರು. ಆಕೆ 1782ರಲ್ಲಿ ತೀರಿಕೊಂಡರು. ಹುಟ್ಟಿದ ಆರು ಮಕ್ಕಳಲ್ಲಿ ಮಾರ್ಥಾ ಮತ್ತು ಮರಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು ಮಾತ್ರ ಪ್ರಾಯಕ್ಕೆ ಬಂದರು. ಗಂಡು ಸಂತಾನ ಉಳಿಯಲಿಲ್ಲ. ಮುಂದೆ ಡಿಎನ್‌ಎ ಪರೀಕ್ಷೆಯ ಸಮಯದಲ್ಲಿ ಈ ಸಂಗತಿಯೇ ದೊಡ್ಡ ತೊಡಕಾಯಿತು.

ಯಾವ ಕೊಂಡಿ ಪ್ರಶ್ನೆಯಲ್ಲಿತ್ತು

ಸ್ಯಾಲಿ ಹೆಮಿಂಗ್ಸ್ ಹುಟ್ಟಿದ್ದು 1773ರಲ್ಲಿ. ಜೆಫರ್ಸನ್ ಅವರ ಮಾವ ಜಾನ್ ವೇಲ್ಸ್ ಅದೇ ವರ್ಷ ತೀರಿಕೊಂಡರು; ಅವರ ಆಸ್ತಿಯ ಪಾಲಿನೊಂದಿಗೆ ಹೆಮಿಂಗ್ಸ್ ಕುಟುಂಬವೂ ಮಗಳ ಮೂಲಕ ಜೆಫರ್ಸನ್ ಅವರ ಸ್ವತ್ತಾಯಿತು. ಸ್ಯಾಲಿ ಅವರು ಆ ವೇಲ್ಸ್ ಅವರದೇ ಮಗಳು, ಅಂದರೆ ಜೆಫರ್ಸನ್ ಅವರ ಹೆಂಡತಿಗೆ ಮಲತಂಗಿ, ಎಂದು ಮುಂದೆ ಸ್ಯಾಲಿ ಅವರ ಮಗ ಹೇಳಿದರು. 1787ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಜೆಫರ್ಸನ್ ಅವರ ಕಿರಿಯ ಮಗಳ ಜೊತೆಗಾತಿಯಾಗಿ ಅವರನ್ನು ಪ್ಯಾರಿಸ್‌ಗೆ ಕಳುಹಿಸಲಾಯಿತು. ಜೆಫರ್ಸನ್ ಆಗ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. 1789ರಲ್ಲಿ ಎಲ್ಲರೂ ಹಿಂದಿರುಗಿದರು. ಅನಂತರ 1795ರಿಂದ 1808ರ ನಡುವೆ ಸ್ಯಾಲಿ ಅವರಿಗೆ ಆರು ಮಕ್ಕಳಾದವು ಎಂದು ದಾಖಲೆಗಳು ತೋರಿಸುತ್ತವೆ. ಅವರಲ್ಲಿ ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್ ಎಂಬ ನಾಲ್ವರು ಬದುಕುಳಿದರು.

ಬೆವರ್ಲಿ ಮತ್ತು ಹ್ಯಾರಿಯೆಟ್ 1822ರ ಹೊತ್ತಿಗೆ ಮಾಂಟಿಚೆಲೊ ಬಿಟ್ಟು ಹೊರಟು ಬಿಳಿಯರ ಸಮಾಜದಲ್ಲಿ ಬೆರೆತರು. ಹಾಗೆ ಬೆರೆಯಬೇಕಾದರೆ ಹಿಂದಿನ ಗುರುತನ್ನು ಅಳಿಸಲೇಬೇಕಾಗಿದ್ದರಿಂದ ಅವರ ಸಂತತಿಯ ಜಾಡು ಸಿಗುವುದಿಲ್ಲ. ಅರ್ಜಿಯ ದೃಷ್ಟಿಯಿಂದ ಉಳಿದದ್ದು ಎರಡು ಕವಲುಗಳು. ಮ್ಯಾಡಿಸನ್ 1836ರಲ್ಲಿ ಒಹಾಯೊ ರಾಜ್ಯಕ್ಕೆ ಹೋಗಿ ಕಪ್ಪು ಜನಾಂಗದವರಾಗಿಯೇ ಬಾಳಿದರು. ಎಸ್ಟನ್ ಕೂಡ ಮೊದಲು ಒಹಾಯೊದ ಚಿಲ್ಲಿಕೋಥಿ ಊರಿಗೆ ಹೋದರು, ಆಮೇಲೆ 1852ರಲ್ಲಿ ಹೆಂಡತಿ ಮಕ್ಕಳೊಂದಿಗೆ ವಿಸ್ಕಾನ್ಸಿನ್‌ಗೆ ಹೋಗಿ, ಹೆಮಿಂಗ್ಸ್ ಎಂಬ ಹೆಸರನ್ನು ಬಿಟ್ಟು ಜೆಫರ್ಸನ್ ಎಂಬ ಹೆಸರಿಟ್ಟುಕೊಂಡು ಬಿಳಿಯರೆಂದು ಬಾಳಿದರು. ಅವರ ಮಗ ಜಾನ್ ವೇಲ್ಸ್ ಜೆಫರ್ಸನ್ ಅಂತರ್ಯುದ್ಧದಲ್ಲಿ ಬಿಳಿಯರ ಪಡೆಯಾದ 8ನೇ ವಿಸ್ಕಾನ್ಸಿನ್ ಪದಾತಿ ದಳದ ಕರ್ನಲ್ ಆಗಿದ್ದರು.

ಎಸ್ಟನ್ ಅವರ ಕವಲನ್ನು ದಾಖಲಿಸುವವರಿಗೆ ಇಲ್ಲೊಂದು ಕಷ್ಟವಿದೆ. ಒಂದೇ ಮನುಷ್ಯ ಒಂದು ರಾಜ್ಯದ ದಾಖಲೆಯಲ್ಲಿ ಒಂದು ಹೆಸರು, ಒಂದು ಬಣ್ಣ. ಇನ್ನೊಂದು ರಾಜ್ಯದ ದಾಖಲೆಯಲ್ಲಿ ಬೇರೆ ಹೆಸರು, ಬೇರೆ ಬಣ್ಣ. ಇಬ್ಬರೂ ಒಬ್ಬರೇ ಎಂದು ತೋರಿಸಲು ಹೆಂಡತಿ ಮಕ್ಕಳ ಹೆಸರು, ವಯಸ್ಸು, ಹುಟ್ಟಿದ ಸ್ಥಳಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕಾಗುತ್ತದೆ. ಕಷ್ಟವಾದರೂ ಅದು ಆಗುವ ಕೆಲಸ. 1850ರ ಜನಗಣತಿಯಿಂದ ಮುಂದೆ ಸ್ವತಂತ್ರ ಕುಟುಂಬಗಳ ಪ್ರತಿಯೊಬ್ಬ ಸದಸ್ಯರ ಹೆಸರೂ ದಾಖಲಾಗಿದೆ. ಇಬ್ಬರೂ ಸಹೋದರರು ಆಗಲೇ ಸ್ವತಂತ್ರರಾಗಿದ್ದರು. ಹೀಗಾಗಿ ಇಂದಿನ ಅರ್ಜಿದಾರರಿಂದ ಮ್ಯಾಡಿಸನ್ ಅಥವಾ ಎಸ್ಟನ್‌ವರೆಗಿನ ಕೊಂಡಿಗಳನ್ನು ಸಾಮಾನ್ಯ ದಾಖಲೆಗಳಿಂದಲೇ ಜೋಡಿಸಬಹುದು. ಅವರಿಂದ ತಾಯಿ ಸ್ಯಾಲಿವರೆಗಿನ ಕೊಂಡಿಯೂ ಗಟ್ಟಿಯಾಗಿದೆ. ಇಡೀ ವಿವಾದ ನಿಂತದ್ದು ಕಟ್ಟಕಡೆಯ ಒಂದೇ ಕೊಂಡಿಯ ಮೇಲೆ: ತಂದೆ ಯಾರು?

ಕಾಗದ ಏಕೆ ಇಲ್ಲ

ವರ್ಜೀನಿಯಾದಲ್ಲಿ 1662ರಿಂದಲೇ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ. ತಂದೆ ಯಾರೆಂಬುದು ಕಾನೂನಿಗೆ ಬೇಕಿರಲಿಲ್ಲ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಆದ್ದರಿಂದ ಮದುವೆಯ ದಾಖಲೆ ಇಲ್ಲ. 1850 ಮತ್ತು 1860ರ ಜನಗಣತಿಗಳ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಇರುತ್ತವೆ, ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. ಹಾಗಾಗಿ ಬಹುತೇಕ ಆಫ್ರಿಕನ್ ಅಮೆರಿಕನ್ ಕುಟುಂಬಗಳ ಹುಡುಕಾಟ, ಗುಲಾಮಗಿರಿ ರದ್ದಾದ ಮೇಲೆ ನಡೆದ ಮೊದಲನೆಯದಾದ 1870ರ ಜನಗಣತಿಗೆ ಬಂದು ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ. ನಮ್ಮಲ್ಲಿ ದೇವದಾಸಿಯರ ಮಕ್ಕಳ ಶಾಲಾ ದಾಖಲಾತಿಯಲ್ಲಿ ತಂದೆಯ ಹೆಸರಿನ ಅಂಕಣ ಖಾಲಿ ಉಳಿಯುತ್ತಿದ್ದುದನ್ನು ಕಂಡವರಿಗೆ, ಖಾಲಿ ಅಂಕಣವೆಂದರೆ ತಂದೆ ಇರಲಿಲ್ಲವೆಂದಲ್ಲ, ಬರೆಯುವ ಅಧಿಕಾರವಿದ್ದವರು ಬರೆಯಲಿಲ್ಲವೆಂದು ಅರ್ಥ ಎಂಬುದನ್ನು ವಿವರಿಸಬೇಕಾಗಿಲ್ಲ.

ಹೆಮಿಂಗ್ಸ್ ಕುಟುಂಬದ ವಿಷಯದಲ್ಲಿ ಒಂದು ಅನುಕೂಲವಿತ್ತು. ಒಡೆಯರು ಎಲ್ಲವನ್ನೂ ಬರೆದಿಡುವ ಸ್ವಭಾವದವರಾಗಿದ್ದರು. ಜೆಫರ್ಸನ್ ಅವರ ‘ಫಾರ್ಮ್ ಬುಕ್’ ಎಂಬ ಜಮೀನಿನ ಲೆಕ್ಕದ ಪುಸ್ತಕದಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಹಂಚಿದ ಬಟ್ಟೆ, ಕಂಬಳಿಗಳ ಲೆಕ್ಕವೆಲ್ಲ ಅವರ ಸ್ವಂತ ಕೈಬರಹದಲ್ಲಿದೆ. ಸ್ಯಾಲಿ ಅವರ ಮಕ್ಕಳ ಹೆಸರುಗಳೂ ಅಲ್ಲಿವೆ. ತಂದೆಯ ಹೆಸರು ಮಾತ್ರ ಇಲ್ಲ. ಅದೇ ಕೈ ಬರೆದಿಟ್ಟ ಪತ್ರಗಳು ಮತ್ತು ಖರ್ಚಿನ ಲೆಕ್ಕಗಳಿಂದ ಅವರು ಯಾವ ದಿನ ಎಲ್ಲಿದ್ದರು ಎಂಬುದನ್ನು ಹೆಚ್ಚುಕಡಿಮೆ ದಿನವಹಿ ಗುರುತಿಸಬಹುದು. ಹೀಗಾಗಿ ಪರೋಕ್ಷ ಆಧಾರದ ಬಹುಭಾಗವನ್ನು ಒದಗಿಸಿದವರು, ಬೇಕೆಂದೇನಲ್ಲವಾದರೂ, ಜೆಫರ್ಸನ್ ಅವರೇ.

ಕೈಯಲ್ಲಿದ್ದ ಆಧಾರ

ಮೊದಲನೆಯದಾಗಿ, ಗರ್ಭ ನಿಂತ ಕಾಲದ ಲೆಕ್ಕ. ಆ ವರ್ಷಗಳ ಬಹುಭಾಗದಲ್ಲಿ ಜೆಫರ್ಸನ್ ಉಪಾಧ್ಯಕ್ಷರಾಗಿ, ಆಮೇಲೆ ಅಧ್ಯಕ್ಷರಾಗಿ ಹೊರಗಿದ್ದರು; ಮಾಂಟಿಚೆಲೊಗೆ ಬಂದು ಹೋಗುತ್ತಿದ್ದರು. ದಾಖಲಾದ ಪ್ರತಿಯೊಂದು ಮಗುವಿನ ಜನ್ಮದಿನದಿಂದ ಒಂಬತ್ತು ತಿಂಗಳು ಹಿಂದೆ ಎಣಿಸಿದರೆ ಅವರು ಮನೆಯಲ್ಲಿದ್ದದ್ದು ತಿಳಿಯುತ್ತದೆ; ಅವರು ಇಲ್ಲದಿದ್ದಾಗ ಸ್ಯಾಲಿ ಅವರಿಗೆ ಗರ್ಭ ನಿಂತ ಒಂದು ನಿದರ್ಶನವೂ ಇಲ್ಲ. 1804ರ ಏಪ್ರಿಲ್‌ನಲ್ಲಿ ಅವರು ಬಂದದ್ದು ಮಗಳು ಮರಿಯಾ ಸಾವಿನ ಹಾಸಿಗೆಯಲ್ಲಿದ್ದ ಕಾರಣಕ್ಕೆ. ಮ್ಯಾಡಿಸನ್ ಹುಟ್ಟಿದ್ದು 1805ರ ಜನವರಿ 19ರಂದು. ಮಾಂಟಿಚೆಲೊದ ಪುರಾತತ್ವ ತಜ್ಞರಾಗಿದ್ದ ಫ್ರೇಸರ್ ನೀಮನ್ 2000ದಲ್ಲಿ ಈ ದಿನಾಂಕಗಳನ್ನೆಲ್ಲ ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಒಡ್ಡಿ, ಇದು ಬರೀ ಕಾಕತಾಳೀಯವಾಗಿರುವ ಸಾಧ್ಯತೆ ತೀರಾ ಕಡಿಮೆ ಎಂದು ತೋರಿಸಿದರು.

ಎರಡನೆಯದು ಬಿಡುಗಡೆ. ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮಗಿರಿಯಲ್ಲಿ ಇಟ್ಟುಕೊಂಡಿದ್ದರು. ಬದುಕಿದ್ದಾಗ ಇಬ್ಬರಿಗೆ, ಉಯಿಲಿನ ಮೂಲಕ ಐವರಿಗೆ ಮಾತ್ರ ಕಾನೂನುಬದ್ಧವಾಗಿ ಬಿಡುಗಡೆ ಕೊಟ್ಟರು. ಉಯಿಲಿನ ಐವರಲ್ಲಿ ಮ್ಯಾಡಿಸನ್ ಮತ್ತು ಎಸ್ಟನ್ ಇದ್ದರು. ಬೆವರ್ಲಿ, ಹ್ಯಾರಿಯೆಟ್ ಹೊರಟುಹೋದಾಗ ಅವರನ್ನು ಹುಡುಕಿಸಲಿಲ್ಲ. ಹ್ಯಾರಿಯೆಟ್‌ಗೆ ಪ್ರಯಾಣದ ಖರ್ಚನ್ನೂ 50 ಡಾಲರನ್ನೂ ಜೆಫರ್ಸನ್ ಅವರ ಅಪ್ಪಣೆಯಂತೆ ತಾನೇ ಕೊಟ್ಟುದಾಗಿ ಮೇಲ್ವಿಚಾರಕ ಎಡ್ಮಂಡ್ ಬೇಕನ್ ಮುಂದೆ ನೆನಪಿಸಿಕೊಂಡರು. ಮಕ್ಕಳೆಲ್ಲರೂ ಪ್ರಾಯಕ್ಕೆ ಬರುತ್ತಿದ್ದಂತೆ ಬಿಡುಗಡೆ ಹೊಂದಿದ ಗುಲಾಮ ಕುಟುಂಬ ಮಾಂಟಿಚೆಲೊದಲ್ಲಿ ಇದೊಂದೇ. ಜೆಫರ್ಸನ್ ತೀರಿಕೊಂಡ ಮರುವರ್ಷದ ಜನವರಿಯಲ್ಲಿ ಉಳಿದವರಲ್ಲಿ 130 ಜನರನ್ನು ಹರಾಜಿಗಿಟ್ಟರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಈ ವ್ಯತ್ಯಾಸದ ತೂಕ ಅರಿವಾಗುತ್ತದೆ.

ಮೂರನೆಯದು ಮಗನ ಹೇಳಿಕೆ, ನನ್ನ ದೃಷ್ಟಿಯಲ್ಲಿ ಇಡೀ ಕಡತದ ಹೃದಯ. 1873ರ ಮಾರ್ಚ್ 13ರಂದು ಒಹಾಯೊದ ‘ಪೈಕ್ ಕೌಂಟಿ ರಿಪಬ್ಲಿಕನ್’ ಪತ್ರಿಕೆಯಲ್ಲಿ 68 ವರ್ಷದ ಮ್ಯಾಡಿಸನ್ ಹೆಮಿಂಗ್ಸ್ ಅವರ ಆತ್ಮಕಥನ ಪ್ರಕಟವಾಯಿತು. ತನ್ನ ತಂದೆ ಥಾಮಸ್ ಜೆಫರ್ಸನ್ ಎಂದು ಅವರು ಯಾವ ಅಬ್ಬರವೂ ಇಲ್ಲದೆ ಹೇಳಿದರು. ಫ್ರಾನ್ಸಿನಲ್ಲಿ ಸ್ವತಂತ್ರಳಾಗಬಹುದಾಗಿದ್ದ ತಾಯಿ ಹಿಂದಿರುಗಲು ಒಪ್ಪದಿದ್ದಾಗ, ಹುಟ್ಟುವ ಮಕ್ಕಳಿಗೆ 21ನೇ ವಯಸ್ಸಿನಲ್ಲಿ ಬಿಡುಗಡೆ ಕೊಡುವುದಾಗಿ ಜೆಫರ್ಸನ್ ಮಾತು ಕೊಟ್ಟರೆಂದೂ, ಆ ಮಾತಿನಂತೆ ತಾವೆಲ್ಲ ಬಿಡುಗಡೆಯಾದೆವೆಂದೂ ತಿಳಿಸಿದರು. ತಮ್ಮ ಮೇಲೆ ಅವರು ತಂದೆಯ ಅಕ್ಕರೆ ತೋರಿಸುತ್ತಿರಲಿಲ್ಲ, ಬಿಳಿಯ ಮೊಮ್ಮಕ್ಕಳ ಮೇಲೆ ತೋರಿಸುತ್ತಿದ್ದರು ಎಂಬ ಮಾತೂ ಅದರಲ್ಲಿದೆ. ಹೆಸರಿನ ಆಸೆಗೆ ಕಥೆ ಕಟ್ಟುವವರು ಸಾಮಾನ್ಯವಾಗಿ ತಂದೆಯ ಪ್ರೀತಿಯನ್ನು ಸೇರಿಸುತ್ತಾರೆ, ಕಳೆಯುವುದಿಲ್ಲ. ಮಾಂಟಿಚೆಲೊದಲ್ಲೇ ಗುಲಾಮರಾಗಿದ್ದ ಇಸ್ರೇಲ್ ಜೆಫರ್ಸನ್ ಎಂಬವರು ಅದೇ ವರ್ಷ ಅದೇ ಪತ್ರಿಕೆಯಲ್ಲಿ ಈ ಮಾತನ್ನು ಸಮರ್ಥಿಸಿದರು. ಅದಕ್ಕೂ ಮೊದಲು, 1870ರ ಜನಗಣತಿ ಮಾಡಲು ಬಂದ ಅಧಿಕಾರಿ ಮ್ಯಾಡಿಸನ್ ಅವರ ಹೆಸರಿನ ಪಕ್ಕದಲ್ಲಿ ಈತ ಥಾಮಸ್ ಜೆಫರ್ಸನ್ ಅವರ ಮಗ ಎಂದು ಬರೆದಿಟ್ಟಿದ್ದರು. ಇದಾವುದೂ ಹೊಸದಾಗಿ ಹುಟ್ಟಿದ ಸುದ್ದಿಯೂ ಆಗಿರಲಿಲ್ಲ. ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ 1802ರ ಸೆಪ್ಟೆಂಬರ್‌ನಲ್ಲೇ, ಜೆಫರ್ಸನ್ ಅಧ್ಯಕ್ಷರಾಗಿದ್ದಾಗ, ರಿಚ್ಮಂಡ್‌ನ ಪತ್ರಿಕೆಯಲ್ಲಿ ದ್ವೇಷದಿಂದಲೇ ಇದನ್ನು ಬಯಲಿಗೆಳೆದಿದ್ದ.

ಎದುರು ಸಾಕ್ಷ್ಯ ಮತ್ತು ರಕ್ತದ ಸಾಕ್ಷ್ಯ

ಜೆಫರ್ಸನ್ ಅವರ ಮೊಮ್ಮಕ್ಕಳ ಹೇಳಿಕೆ ಬೇರೆಯಾಗಿತ್ತು. ಮಕ್ಕಳ ತಂದೆ ಜೆಫರ್ಸನ್ ಅವರ ಸೋದರಿಯ ಮಗ ಪೀಟರ್ ಕಾರ್ ಎಂದು ಮೊಮ್ಮಗ ಥಾಮಸ್ ಜೆಫರ್ಸನ್ ರಾಂಡಾಲ್ಫ್ ಒಬ್ಬ ಜೀವನಚರಿತ್ರೆಕಾರರಿಗೆ ಹೇಳಿದರೆ, ಮೊಮ್ಮಗಳು ಎಲೆನ್ ಕೂಲಿಜ್ 1858ರ ಪತ್ರವೊಂದರಲ್ಲಿ ಪೀಟರ್‌ನ ಸಹೋದರ ಸ್ಯಾಮ್ಯುಯೆಲ್‌ನತ್ತ ಬೆರಳು ತೋರಿದರು. ಅಣ್ಣ ತಂಗಿಯರು ಬೇರೆ ಬೇರೆ ಹೆಸರು ಹೇಳಿದರೂ ಸುಮಾರು ಒಂದು ಶತಮಾನ ಕಾಲ ಬಹುತೇಕ ಚರಿತ್ರೆಕಾರರು ಈ ಮಾತನ್ನು ಆಧಾರವೆಂದೂ ಮ್ಯಾಡಿಸನ್ ಅವರ ಮಾತನ್ನು ಗಾಳಿಸುದ್ದಿಯೆಂದೂ ಪರಿಗಣಿಸಿದರು. ಎರಡೂ ಕುಟುಂಬದೊಳಗಿನ ಬಾಯಿಮಾತೇ. ಕಾನೂನಿನ ಹಿನ್ನೆಲೆಯ ಚರಿತ್ರೆಕಾರ್ತಿ ಅನೆಟ್ ಗಾರ್ಡನ್-ರೀಡ್ 1997ರಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ಈ ತಾರತಮ್ಯವನ್ನು ಎತ್ತಿ ತೋರಿಸಿದರು.

ಮರುವರ್ಷ ಡಿಎನ್‌ಎ ಫಲಿತಾಂಶ ಬಂತು. ಶಾರ್ಲಟ್ಸ್‌ವಿಲ್‌ನ ನಿವೃತ್ತ ರೋಗಶಾಸ್ತ್ರಜ್ಞ ಯೂಜೀನ್ ಫಾಸ್ಟರ್ ಮತ್ತು ಸಂಗಡಿಗರ ವರದಿ 1998ರ ನವೆಂಬರ್ 5ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಬಹುತೇಕ ಬದಲಾಗದೆ ಇಳಿಯುತ್ತದೆ. ಜೆಫರ್ಸನ್ ಅವರಿಗೆ ಒಪ್ಪಿತ ಗಂಡು ಸಂತತಿ ಇಲ್ಲದ್ದರಿಂದ ಅವರ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬರಾದ ಫೀಲ್ಡ್ ಜೆಫರ್ಸನ್ ಅವರ ಗಂಡು ಕವಲಿನ ಐವರ ರಕ್ತವನ್ನು ಹೋಲಿಕೆಗೆ ತೆಗೆದುಕೊಂಡರು. ಎಸ್ಟನ್ ಅವರ ಗಂಡು ಕವಲಿನ ಒಬ್ಬ ವಂಶಜರ ಮಾದರಿ ಅದಕ್ಕೆ ಹೊಂದಿತು. ಕಾರ್ ಮನೆತನದ ಮಾದರಿ ಹೊಂದಲಿಲ್ಲ. ಮೊಮ್ಮಕ್ಕಳ ಹೇಳಿಕೆ ಎಸ್ಟನ್ ವಿಷಯದಲ್ಲಿ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಕುಟುಂಬಕ್ಕೆ ಈ ಫಲಿತಾಂಶ ನೋವು ತಂದಿತು. ಪ್ಯಾರಿಸ್‌ನಲ್ಲಿ ಗರ್ಭ ನಿಂತು ಹುಟ್ಟಿದ ಸ್ಯಾಲಿ ಅವರ ಮೊದಲ ಮಗ ಥಾಮಸ್ ವುಡ್‌ಸನ್ ಎಂದು, ತಾವು ಆತನ ಸಂತತಿಯೆಂದು ಹಲವು ತಲೆಮಾರುಗಳಿಂದ ನಂಬಿ, ಬೇರೆ ಬೇರೆ ಊರುಗಳಲ್ಲಿದ್ದರೂ ಒಂದೇ ಕಥೆಯನ್ನು ಕಾಪಾಡಿಕೊಂಡು ಬಂದಿದ್ದ ವುಡ್‌ಸನ್ ಕುಟುಂಬದ ಮಾದರಿ ಜೆಫರ್ಸನ್ ಮನೆತನದ್ದಕ್ಕೆ ಹೊಂದಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ಎಸ್ಟನ್ ಅವರ ಕವಲಿನಲ್ಲೇ ಇದೆ: ಬಿಳಿಯರಾಗಿ ಬಾಳುತ್ತಿದ್ದ ಆ ಕುಟುಂಬದ ಹಿರಿಯರು ಇಪ್ಪತ್ತನೆಯ ಶತಮಾನದಲ್ಲಿ, ಮಕ್ಕಳಿಗೆ ಗುಲಾಮಗಿರಿಯ ಹಿನ್ನೆಲೆ ತಿಳಿಯಬಾರದೆಂದು, ತಾವು ಜೆಫರ್ಸನ್ ಅವರ ಸಂಬಂಧಿಯೊಬ್ಬರ ಸಂತತಿ ಎಂದು ಕಥೆಯನ್ನೇ ತಿದ್ದಿದ್ದರು. ಒಂದು ಮನೆಯಲ್ಲಿ ಕಥೆ ಗಟ್ಟಿಯಾಗಿತ್ತು, ರಕ್ತ ಹೊಂದಲಿಲ್ಲ. ಇನ್ನೊಂದು ಮನೆಯಲ್ಲಿ ಕಥೆ ಮಾಸಿತ್ತು, ರಕ್ತ ಹೊಂದಿತು. ಬಾಯಿಮಾತನ್ನು ಹುಡುಕಾಟದ ಆರಂಭವಾಗಿ ಗೌರವಿಸಬೇಕು, ಕೊನೆಯಾಗಿ ಒಪ್ಪಬಾರದು ಎಂದು ವಂಶಾವಳಿ ಬರೆಯುವವರು ಹೇಳುವುದು ಇದಕ್ಕಾಗಿಯೇ.

ಡಿಎನ್‌ಎ ಏನನ್ನು ಹೇಳಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಎಸ್ಟನ್ ಅವರ ತಂದೆ ಜೆಫರ್ಸನ್ ಮನೆತನದ ಗಂಡಸು ಎಂದಷ್ಟೇ ಅದು ಹೇಳಿತು; ಥಾಮಸ್ ಎಂದು ಹೇಳಲಿಲ್ಲ. ‘ನೇಚರ್’ ಕೊಟ್ಟ ತಲೆಬರಹ ಅಗತ್ಯಕ್ಕಿಂತ ಖಚಿತವಾಗಿತ್ತು. ಸಂಶೋಧಕರೇ ಆಮೇಲೆ ತಮ್ಮ ಮಾತಿನ ಮಿತಿಯನ್ನು ಸ್ಪಷ್ಟಪಡಿಸಿದರು. ಮ್ಯಾಡಿಸನ್ ಅವರ ಕವಲಿನಿಂದ ಮಾದರಿಯೇ ಸಿಕ್ಕಿರಲಿಲ್ಲ. ಅವರ ಮಗನೊಬ್ಬನ ಸಮಾಧಿ ಕ್ಯಾನ್ಸಸ್‌ನ ಲೆವನ್‌ವರ್ತ್‌ನಲ್ಲಿ ಇರುವುದು ಪತ್ತೆಯಾದರೂ ಅದನ್ನು ಅಗೆಯಲು ಕುಟುಂಬದವರು ಒಪ್ಪಲಿಲ್ಲ. ಹಿರಿಯರ ಎಲುಬುಗಳನ್ನು ಇನ್ನೊಬ್ಬರ ಅನುಮಾನ ತೀರಿಸಲು ಹೊರತೆಗೆಯುವುದಿಲ್ಲ ಎಂಬ ಅವರ ನಿಲುವಿನಲ್ಲಿ ನನಗೆ ಘನತೆ ಕಾಣುತ್ತದೆ, ಅದರಿಂದ ಕಡತಕ್ಕೆ ನಷ್ಟವಾಗಿದ್ದರೂ.

ಒಂದೇ ಕಡತ, ನಾಲ್ಕು ತೀರ್ಮಾನಗಳು

2000ದ ಜನವರಿಯಲ್ಲಿ ಥಾಮಸ್ ಜೆಫರ್ಸನ್ ಪ್ರತಿಷ್ಠಾನದ ಸಮಿತಿ, ಎಸ್ಟನ್ ಅವರ ತಂದೆ ಜೆಫರ್ಸನ್ ಆಗಿರುವ ಸಂಭವ ಬಹಳ ಹೆಚ್ಚೆಂದೂ, ಆರೂ ಮಕ್ಕಳ ತಂದೆ ಬಹುಮಟ್ಟಿಗೆ ಅವರೇ ಎಂದೂ ವರದಿ ಕೊಟ್ಟಿತು. ಸಮಿತಿಯ ಒಬ್ಬ ಸದಸ್ಯರು ಭಿನ್ನಮತ ದಾಖಲಿಸಿದರು. 2001ರ ಏಪ್ರಿಲ್‌ನಲ್ಲಿ ಬೇರೊಂದು ವಿದ್ವಾಂಸರ ಆಯೋಗ ಇದು ಸಿದ್ಧವಾಗಿಲ್ಲವೆಂದು ಹೇಳಿ, ಜೆಫರ್ಸನ್ ಅವರ ತಮ್ಮ ರಾಂಡಾಲ್ಫ್ ತಂದೆಯಾಗಿರಬಹುದೆಂಬ ಸಾಧ್ಯತೆಯನ್ನು ಮುಂದಿಟ್ಟಿತು; ಅಲ್ಲಿಯೂ ಒಬ್ಬರು ಭಿನ್ನಮತ ಬರೆದರು. ರಾಂಡಾಲ್ಫ್ ಅವರ ಹೆಸರಿಗೆ ಇರುವ ಆಧಾರ 1807ರ ಆಗಸ್ಟ್‌ನ ಒಂದು ಪತ್ರ: ಸೋದರಿ ಮನೆಗೆ ಬಂದಿದ್ದಾಳೆ, ನೀನೂ ಬಂದರೆ ನಮಗೆ ಸಂತೋಷ ಎಂಬರ್ಥದ ಕರೆ. ಅವರು ಬಂದರೆಂದು ಹೇಳುವ ಕಾಗದವಿಲ್ಲ. ಉಳಿದ ಮಕ್ಕಳ ಗರ್ಭ ನಿಂತ ಕಾಲಗಳಿಗೂ ಅವರ ಇರವನ್ನು ಹೊಂದಿಸಿ ತೋರಿಸಿದವರಿಲ್ಲ. ಕಾರ್ ಸಹೋದರರ ಹೆಸರು ಡಿಎನ್‌ಎಯಿಂದ ಬಿದ್ದ ಮೇಲಷ್ಟೇ ಈ ಹೆಸರು ಮುನ್ನೆಲೆಗೆ ಬಂತು ಎಂಬುದನ್ನೂ ಗಮನಿಸಬೇಕು.

ಮೂರನೆಯ ತೀರ್ಮಾನ ವಂಶಾವಳಿ ಶಾಸ್ತ್ರದವರದು, ಅರ್ಜಿಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದದ್ದು. ಅಮೆರಿಕದ ವೃತ್ತಿಪರ ವಂಶಾವಳಿಕಾರರು ನೇರ ದಾಖಲೆ ಇಲ್ಲದ ಪ್ರಕರಣಗಳಿಗೆ ಒಂದು ಮಾನದಂಡವನ್ನು ಒಪ್ಪಿಕೊಂಡಿದ್ದಾರೆ. ಸಿಗಬಹುದಾದ ದಾಖಲೆಗಳನ್ನೆಲ್ಲ ಹುಡುಕಿರಬೇಕು, ಪ್ರತಿಯೊಂದರ ಮೂಲವನ್ನು ನಮೂದಿಸಿರಬೇಕು, ಒಂದನ್ನೊಂದರ ಜೊತೆ ಹೋಲಿಸಿ ವಿಶ್ಲೇಷಿಸಿರಬೇಕು, ಎದುರಾಗುವ ಸಾಕ್ಷ್ಯಕ್ಕೆ ಉತ್ತರ ಹೇಳಿರಬೇಕು, ಕೊನೆಗೆ ತೀರ್ಮಾನವನ್ನು ಕಾರಣಸಹಿತ ಬರೆದಿರಬೇಕು. ಈ ಮಾನದಂಡ ಡಿಎನ್‌ಎಯನ್ನೇ ಬೇಡುವುದಿಲ್ಲ, ತಂದೆಯ ಸಹಿಯನ್ನೂ ಬೇಡುವುದಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವಂಶಾವಳಿ ಸಂಘದ ತ್ರೈಮಾಸಿಕದಲ್ಲಿ ಹೆಲೆನ್ ಲಿಯರಿ ಇಡೀ ಕಡತವನ್ನು ಇದರಂತೆ ಪರಿಶೀಲಿಸಿ, ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳ ತಂದೆ ಥಾಮಸ್ ಜೆಫರ್ಸನ್ ಎಂಬ ತೀರ್ಮಾನಕ್ಕೆ ಬಂದರು. ಅರ್ಜಿಯೊಂದಕ್ಕೆ ಲಗತ್ತಿಸಲು ಇದಕ್ಕಿಂತ ಪೂರ್ಣವಾದ ವಾದಪತ್ರವನ್ನು ನಾನು ಊಹಿಸಲಾರೆ.

ನಾಲ್ಕನೆಯದು ಮಾಂಟಿಚೆಲೊ ಸಂಘದ್ದು. 1999ರ ಮೇ ತಿಂಗಳ ಸಮಾವೇಶಕ್ಕೆ ಸಂಘದ ಸದಸ್ಯರೊಬ್ಬರು ಹೆಮಿಂಗ್ಸ್ ವಂಶಜರನ್ನು ಅತಿಥಿಗಳಾಗಿ ಕರೆದಿದ್ದರು. ಆಮೇಲೆ ವಿಷಯ ಸಮಿತಿಗೆ ಹೋಗಿ, ಎರಡು ವರ್ಷ ಮುಂದಕ್ಕೆ ಹೋಗಿ, ಲಿಯರಿ ಅವರ ಲೇಖನ ಪ್ರಕಟವಾದ ಎಂಟು ತಿಂಗಳಿಗೆ ಮತಕ್ಕೆ ಬಂತು.

ಸಂಘಕ್ಕೆ ತನ್ನ ಸದಸ್ಯರನ್ನು ಆರಿಸುವ ಹಕ್ಕಿತ್ತು. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಮಾರ್ಥಾ ಮತ್ತು ಮರಿಯಾ ಜೆಫರ್ಸನ್ ಅವರ ಮಕ್ಕಳೆಂಬುದಕ್ಕೆ ಆಧಾರವೇನು? ತಂದೆತಾಯಿಯ ಮದುವೆ, ಮತ್ತು ತಂದೆ ಅವರನ್ನು ತನ್ನ ಮಕ್ಕಳೆಂದು ಬರೆದಿಟ್ಟದ್ದು. ಮದುವೆಯಾದ ಹೆಣ್ಣಿನ ಮಗು ಗಂಡನದೇ ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ವಂಶಾವಳಿಯೂ ಆ ಭಾವನೆಯ ಮೇಲೆಯೇ ನಿಂತಿದೆ. ಯಾರೂ ಅವರ ಸಂತತಿಯವರಿಂದ ರಕ್ತದ ಮಾದರಿ ಕೇಳಲಿಲ್ಲ, ಗರ್ಭ ನಿಂತ ದಿನಗಳ ಲೆಕ್ಕ ಹಾಕಲಿಲ್ಲ. ಹಾಗೆ ಕೇಳಬೇಕೆಂದು ನಾನು ಹೇಳುವುದೂ ಇಲ್ಲ. ಹೆಮಿಂಗ್ಸ್ ವಂಶಜರ ಬಳಿ ಸಮಕಾಲೀನ ದಾಖಲೆ, ಮಗನ ಹೇಳಿಕೆ, ನೆರೆಯವರ ಸಾಕ್ಷ್ಯ, ಉಯಿಲು, ರಕ್ತ ಇಷ್ಟೆಲ್ಲ ಇದ್ದವು. ಇಲ್ಲದಿದ್ದದ್ದು ಮದುವೆಯ ಕಾಗದ ಮತ್ತು ತಂದೆಯ ಒಪ್ಪಿಗೆ. ಮೊದಲನೆಯದು ಹುಟ್ಟಲು ವರ್ಜೀನಿಯಾದ ಕಾನೂನು ಅವಕಾಶವನ್ನೇ ಕೊಟ್ಟಿರಲಿಲ್ಲ, ಎರಡನೆಯದನ್ನು ಅದು ಕೇಳಿರಲೇ ಇಲ್ಲ. ಒಬ್ಬರಿಗೆ ಊಹೆ ಸಾಕು, ಇನ್ನೊಬ್ಬರಿಗೆ ನಿಸ್ಸಂದೇಹವಾದ ಪುರಾವೆ ಬೇಕು ಎನ್ನುವುದು ಆಧಾರದ ಕೊರತೆಯಲ್ಲ, ಎರಡು ಅಳತೆ.

ನಡೆದ ಕ್ರಮದಲ್ಲಿಯೂ ಒಂದು ದೋಷವಿತ್ತೆಂದು ನನಗನಿಸುತ್ತದೆ. ಎಸ್ಟನ್ ಅವರ ಕವಲು, ಮ್ಯಾಡಿಸನ್ ಅವರ ಕವಲು, ವುಡ್‌ಸನ್ ಅವರ ಕವಲು, ಈ ಮೂರರ ಆಧಾರದ ಬಲ ಒಂದೇ ಅಲ್ಲ. ಎಸ್ಟನ್ ಅವರದಕ್ಕೆ ರಕ್ತವೂ ದಾಖಲೆಯೂ ಇವೆ. ಮ್ಯಾಡಿಸನ್ ಅವರದಕ್ಕೆ ದಾಖಲೆ ಬಲವಾಗಿದೆ, ರಕ್ತದ ಪರೀಕ್ಷೆ ಆಗಿಲ್ಲ. ವುಡ್‌ಸನ್ ಅವರದಕ್ಕೆ ಎರಡೂ ಸಿಕ್ಕಿಲ್ಲ. ಸಾಮಾನ್ಯ ವಂಶಪಾರಂಪರ್ಯ ಸಂಘವೊಂದರಲ್ಲಿ ಪ್ರತಿಯೊಬ್ಬರ ಅರ್ಜಿಯೂ ಕೊಂಡಿ ಕೊಂಡಿಯಾಗಿ ಪ್ರತ್ಯೇಕವಾಗಿ ಪರಿಶೀಲನೆಗೆ ಬರುತ್ತಿತ್ತು. ಇಲ್ಲಿ ‘ಹೆಮಿಂಗ್ಸ್ ವಂಶಜರು’ ಎಂಬ ಒಂದೇ ಗುಂಪಾಗಿ, ದೂರದರ್ಶನ ಕ್ಯಾಮೆರಾಗಳ ಬೆಳಕಿನಲ್ಲಿ, ಒಂದೇ ಪ್ರಶ್ನೆಯಾಗಿ ಚರ್ಚೆ ನಡೆಯಿತು. ವಂಶಾವಳಿಯ ಒಂದು ಕೊಂಡಿ ಸರಿಯೋ ತಪ್ಪೋ ಎಂಬುದು ಕೈ ಎತ್ತಿ ತೀರ್ಮಾನಿಸುವ ವಿಷಯವಲ್ಲ.

ಪ್ರತಿಷ್ಠಾನದವರು 1993ರಲ್ಲೇ ಆರಂಭಿಸಿದ್ದ ‘ಗೆಟಿಂಗ್ ವರ್ಡ್’ ಎಂಬ ಮೌಖಿಕ ಇತಿಹಾಸದ ಯೋಜನೆ ಮಾಂಟಿಚೆಲೊದಲ್ಲಿ ಗುಲಾಮರಾಗಿದ್ದವರ ಸಂತತಿಯನ್ನು ಊರೂರಿಗೆ ಹುಡುಕಿಕೊಂಡು ಹೋಗಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿ, ದಾಖಲೆಗಳೊಂದಿಗೆ ಹೋಲಿಸಿಟ್ಟಿದೆ. ಮುಂದೆ ಯಾವುದೇ ಹೆಮಿಂಗ್ಸ್ ವಂಶಜರು ಎಲ್ಲಿಯಾದರೂ ಅರ್ಜಿ ಹಾಕಬೇಕೆಂದರೆ ಮೊದಲು ತಟ್ಟಬೇಕಾದ ಬಾಗಿಲು ಅದು. 2003ರ ಬೇಸಿಗೆಯಲ್ಲಿ ಹೆಮಿಂಗ್ಸ್ ವಂಶಜರು ಅದೇ ಬೆಟ್ಟದ ಮೇಲೆ ತಮ್ಮದೇ ಸಮಾವೇಶ ನಡೆಸಿದರು. 2018ರ ಜೂನ್‌ನಲ್ಲಿ ಪ್ರತಿಷ್ಠಾನ ಮಾಂಟಿಚೆಲೊದ ದಕ್ಷಿಣ ಬದಿಯ ಒಂದು ಕೋಣೆಯಲ್ಲಿ ಸ್ಯಾಲಿ ಹೆಮಿಂಗ್ಸ್ ಅವರ ಬದುಕಿನ ಪ್ರದರ್ಶನವನ್ನು ತೆರೆಯಿತು. ಜೆಫರ್ಸನ್ ಅವರೇ ಆ ಮಕ್ಕಳ ತಂದೆ ಎಂಬುದನ್ನು ಇತ್ಯರ್ಥವಾದ ವಿಷಯವೆಂದು ಪರಿಗಣಿಸುವುದಾಗಿ ಪ್ರಕಟಿಸಿತು. ಅವರ ಚಿತ್ರ ಒಂದೂ ಉಳಿದಿಲ್ಲದ ಕಾರಣ ಗೋಡೆಯ ಮೇಲೆ ನೆರಳಿನ ಆಕೃತಿ ಮಾತ್ರ ಮೂಡುತ್ತದೆ. ಕಥೆಯನ್ನು ಹೇಳುವುದು 1873ರಲ್ಲಿ ಅಚ್ಚಾದ ಮ್ಯಾಡಿಸನ್ ಅವರ ಮಾತುಗಳು.